ಮಗಳ ಹೆಸರು ಕರೆಯದ ಗುರುಸಿದ್ದವ್ವ

ಅಥಣಿ ರಸ್ತೆಯ ಹೊಸ ಬಡಾವಣೆಗಳಲ್ಲಿ ಮನೆಗಳು ಚಂದ, ಗೇಟುಗಳು ಇನ್ನೂ ಚಂದ. ಆ ಗೇಟುಗಳನ್ನು ಬಡಿದು ಬಡಿದು ನನ್ನ ಕೈ ನೋಯುತ್ತದೆ. ನಾನು ನೀಲಾಬಾಯಿ, ಆಶಾ ಕಾರ್ಯಕರ್ತೆ. ಹಳ್ಳಿಗೆ ಹೋದರೆ ಕಟ್ಟೆಯ ಮೇಲೆ ಕೂತಲ್ಲೇ ಹತ್ತು ಮನೆಯ ಸುದ್ದಿ ಸಿಗುತ್ತದೆ. ಇಲ್ಲಿ ಪಕ್ಕದ ಮನೆಯವರ ಹೆಸರು ಕೇಳಿದರೂ "ಗೊತ್ತಿಲ್ರಿ" ಎನ್ನುತ್ತಾರೆ.

ಕಳೆದ ಜೂನ್‌ನಲ್ಲಿ ಲಸಿಕೆಯ ಪಟ್ಟಿ ಹಿಡಿದು ಗುರುಸಿದ್ದವ್ವನ ಮನೆಗೆ ಹೋದೆ. ಅವಳು ಬಿಜ್ಜರಗಿ ಎಂಬ ಹಳ್ಳಿಯ ಹೆಣ್ಣುಮಗಳು. ಗಂಡ ಸಂಗನಬಸವನಿಗೆ ತಿಕೋಟಾದಲ್ಲಿ ಡ್ರಿಪ್ ಪೈಪಿನ ಅಂಗಡಿ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಅವನು ಬರುವುದು. ಒಳಗೆ ಮಾತು ಕೇಳುತ್ತಿತ್ತು. ನೆಂಟರು ಬಂದಿದ್ದಾರೆ ಎಂದುಕೊಂಡೆ. ನೋಡಿದರೆ ಮಾತಾಡುತ್ತಿದ್ದದ್ದು ಫೋನು. ಅದರ ಮುಂದೆ ಐದು ವರ್ಷದ ಮಗಳು ಬಾಯಿ ಮುಚ್ಚಿಕೊಂಡು ಕೂತಿದ್ದಳು.

"ನಿನ್ನ ಹೆಸರೇನವಾ?" ಎಂದೆ.

ಮಗು ತಾಯಿಯ ಮುಖ ನೋಡಿತು. ಆಮೇಲೆ ಸಣ್ಣ ದನಿಯಲ್ಲಿ "ಸಾಂಬವಿ" ಎಂದಿತು.

ನನ್ನ ಪಟ್ಟಿಯಲ್ಲಿದ್ದ ಹೆಸರು ಶಾಂಭವಿ. ನಾನು ನಕ್ಕುಬಿಟ್ಟೆ. ಮುದ್ದಿನಿಂದಲೇ ನಕ್ಕದ್ದು, ಆದರೆ ಮಗುವಿಗೆ ನಗು ನಗುವೇ. ಅದು ಎದ್ದು ಹೋಗಿ ಬಾಗಿಲ ಹಿಂದೆ ನಿಂತಿತು. ಎಷ್ಟು ಕರೆದರೂ ಬರಲಿಲ್ಲ. ಹದಿನಾಲ್ಕು ವರ್ಷ ಮಕ್ಕಳ ನಡುವೆ ಓಡಾಡಿದವಳು ನಾನು. ನನಗೇ ನಾಚಿಕೆಯಾಯಿತು.

"ಸಾಲ್ಯಾಗೂ ಹಿಂಗ ಆಗೇತ್ರಿ ಅಕ್ಕಾರ," ಎಂದಳು ಗುರುಸಿದ್ದವ್ವ. "ತನ್ನ ಹೆಸರ ಅನ್ನಾಕ ಬರಂಗಿಲ್ಲ ಅಂತ ಹುಡುಗೂರು ಸಾಂಬಾರ, ಸಾಂಬಾರ ಅಂತ ಚ್ಯಾಷ್ಟಿ ಮಾಡ್ತಾವು. ಈಗ ಅಲ್ಲಿ ಒಂದು ಮಾತೂ ಆಡಂಗಿಲ್ಲಂತ. ಹಿಂಗ ಬಾಯಿ ಮುಚ್ಚಿಕೊಂಡು ಕುಂತ್ರ ಓದು ಹೆಂಗ ಕಲಿಸೂದು ಅಂತ ಟೀಚರ್ ಕೇಳಾಕತ್ತಾರ."

"ಮನ್ಯಾಗ ಅಕಿ ಜೋಡಿ ನೀ ಏನೇನು ಮಾತಾಡ್ತಿ?"

ಗುರುಸಿದ್ದವ್ವ ಫೋನಿನ ದನಿ ಸಣ್ಣದು ಮಾಡಿದಳು.

"ನಾ ಮಾತಾಡಂಗಿಲ್ರಿ. ನಂದು ಹಳ್ಳಿ ನಾಲಿಗಿ. ಇಕಿ ಅಪ್ಪ ಹುಡುಕಿ ಹುಡುಕಿ ಚಲೋ ಹೆಸರಿಟ್ರು, ನನಗ ಅದನ್ನ ಅನ್ನಾಕ ಬರಂಗಿಲ್ಲ. ನಿನ್ನ ಬಾಯಿ ಕೇಳಿ ಕೂಸೂ ಹಂಗ ಆಗೇತಿ ಅಂತ ಅವರಽ ಅಂದ್ರು. ಬನದ ಹುಣ್ಣಿವಿಯಿಂದ ಹೆಸರು ಹಿಡಿದು ಕರಿಯೂದು ಬಿಟ್ಟೇನ್ರಿ. ಫೋನ್ ಹಚ್ಚಿ ಕೊಡ್ತೀನಿ. ಅದರಾಗ ಸುದ್ದ ಮಾತಾಡ್ತಾರಲ್ರಿ."

ಬನದ ಹುಣ್ಣಿಮೆಯಿಂದ ಎಂದರೆ ಐದು ತಿಂಗಳು. ಐದು ತಿಂಗಳಿಂದ ಒಬ್ಬ ತಾಯಿ ಮಗಳ ಹೆಸರು ಕರೆದಿಲ್ಲ. ಶಾಲೆ ಬಿಟ್ಟು ಬಂದ ಮೇಲೆ ಕತ್ತಲಾಗುವವರೆಗೆ ಆ ಮನೆಯಲ್ಲಿ ಇಬ್ಬರೇ. ಒಬ್ಬಳಿಗೆ ಮಾತಾಡಲು ಹೆದರಿಕೆ, ಇನ್ನೊಬ್ಬಳಿಗೆ ಮಾತಿಗೆ ಜೊತೆಯಿಲ್ಲ. ನನಗೆ ಸಿಟ್ಟು ಬಂತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವುದೆಂದರೆ ಇದೇ ಅಲ್ಲವೇ?

"ಫೋನಿಗೆ ನಿನ್ನ ಕೂಸು ಕಾಣಂಗಿಲ್ಲ ತಂಗಿ," ಎಂದೆ. "ಕೂಸು ತಪ್ಪಾಗಿ ಅಂದ್ರೂ ಅದು ಮುಂದ ಹೋಕ್ಕೈತಿ, ಸರಿಯಾಗಿ ಅಂದ್ರೂ ಮುಂದ ಹೋಕ್ಕೈತಿ. ಮಕ್ಕಳು ಮಾತು ಕಲಿಯೂದು ಎದುರಿಗೆ ಕುಂತವರ ಬಾಯಿ ನೋಡಿ."

"ನನ್ನ ಮಾತಿಂದ ಕೆಡಂಗಿಲ್ಲೇನ್ರಿ?"

"ಶಾಲೆಗೆ ನಾನೂ ಸಾಲಿ ಅಂತೀನಿ. ಡಾಕ್ಟರ್ ಮುಂದೂ ಸಾಲಿ ಅಂತೀನಿ. ಏನ ಕೆಟ್ಟೇನಿ? ಮನಿ ಮಾತು ತಪ್ಪಲ್ಲ. ಅದರ ಮ್ಯಾಲ ಸಾಲಿ ಮಾತು ಕಲೀತಾರ. ಶ, ಷ, ರ, ಳ ಇಂಥಾವು ಭಾಳ ಮಕ್ಕಳಿಗೆ ತಡಾ ಆಗಿ ಬರ್ತಾವು. ಮೊದಲ ಕಿವಿ ತೋರಿಸೂನು ನಡಿ. ಕಿವಿಗೆ ಕೇಳದಿದ್ರ ನಾಲಿಗಿ ಏನು ಮಾಡೀತು?"

ಮರುದಿನ ಮೂವರೂ ಆಟೋ ಹತ್ತಿ ಸರ್ಕಾರಿ ದವಾಖಾನೆಗೆ ಹೋದೆವು. ಕಿವಿ ಚೆನ್ನಾಗಿದೆ ಎಂದರು. ಮನೆಗೆ ಬಂದು ಗುರುಸಿದ್ದವ್ವ ರೊಟ್ಟಿಗೆ ಕೂತಳು. ನಾನು ಮಗಳನ್ನು ಅವಳ ಎದುರಿಗೆ ಕೂರಿಸಿದೆ.

"ಕೂಸು ಮಲಗಿದಾಗ ಯಾರರ ಗದ್ದಲ ಮಾಡಿದ್ರ ಏನಂತಿದ್ದಿ?" ಎಂದು ಕೇಳಿದೆ.

ಗುರುಸಿದ್ದವ್ವ ಹಿಟ್ಟಿನ ಬೆರಳನ್ನೇ ತುಟಿಗಿಟ್ಟು "ಶ್ಶ್" ಎಂದಳು.

"ಇನ್ನೊಮ್ಮೆ ಅನ್ನು. ಉದ್ದಕ ಅನ್ನು."

"ಶ್ಶ್ಶ್..." ಎಂದವಳು ನನ್ನನ್ನೇ ನೋಡಿದಳು. "ಇದಽ ಏನ್ರಿ ಆ ಶ? ಇದು ನನಗ ಬರತೈತಲ್ರಿ."

ಅವಳ ಕಣ್ಣು ತುಂಬಿಬಂದವು. ತಾಯಿಯ ಮೂಗಿಗೆ ಹತ್ತಿದ ಹಿಟ್ಟು ನೋಡುತ್ತಿದ್ದ ಮಗುವೂ ಬೆರಳಿಟ್ಟು "ಶ್ಶ್" ಎಂದಿತು.

ಅಂದಿನಿಂದ ರೊಟ್ಟಿ ಬಡಿಯುವ ಹೊತ್ತು ಅವರಿಬ್ಬರ ಮಾತಿನ ಹೊತ್ತಾಯಿತು. ಬಿಜ್ಜರಗಿಯ ಆಡಿನ ಮರಿಗಳ ಕಥೆಯನ್ನು ಗುರುಸಿದ್ದವ್ವ ಬಿಜ್ಜರಗಿಯ ಮಾತಿನಲ್ಲೇ ಹೇಳತೊಡಗಿದಳು. ನಡುವೆ ಐದು ನಿಮಿಷ ಕನ್ನಡಿ ಹಿಡಿದು ಒಂದೇ ಒಂದು ಸದ್ದು. ಮೊದಲು ಬರೀ "ಶ್ಶ್", ಬಂದ ಮೇಲೆ ಶಾ, ಶೇ, ಆಮೇಲೆ ಶೇಂಗಾ. ಮಗು ರೊಟ್ಟಿಗೆ ಚಟ್ನಿಪುಡಿ ಕೇಳುತ್ತ "ಸೇಂಗಾ ಹಿಂಡಿ ಬೇಕು" ಅಂದರೆ ಬೈಯಬಾರದು, ಮತ್ತೆ ಮತ್ತೆ ಹೇಳಿಸಲೂಬಾರದು ಎಂದಿದ್ದೆ. "ಶೇಂಗಾ ಹಿಂಡಿ ಬೇಕೇನವಾ? ತಗೋ ಶೇಂಗಾ ಹಿಂಡಿ" ಎಂದು ತಾನು ಸರಿಯಾಗಿ ಹೇಳಿ ಬಡಿಸಿದರೆ ಸಾಕು. ಶಾಲೆಗೂ ಹೋಗಿ, ಚ್ಯಾಷ್ಟಿ ಮಾಡದಂತೆ ಮಕ್ಕಳಿಗೆ ತಿಳಿಹೇಳಿರೆಂದು ಟೀಚರನ್ನು ಕೇಳಿಕೊಂಡೆ.

ಒಂದು ರವಿವಾರ ಹೋದಾಗ ಸಂಗನಬಸವ ಮನೆಯಲ್ಲಿದ್ದ.

"ಏನಬೇ, ಮತ್ತ ಬಿಜ್ಜರಗಿ ಭಾಷಾ ಚಾಲೂ ಮಾಡೀಯಲ್ಲ?" ಎಂದು ಹೆಂಡತಿಯನ್ನು ಗದರಿದ.

"ತಿಕೋಟಾದಾಗ ಗಿರಾಕಿ ಜೋಡಿ ನೀವು ಯಾವ ಭಾಷಾ ಮಾತಾಡ್ತೀರಿ ಅಣ್ಣಾರ?" ಎಂದೆ.

ಅಷ್ಟರಲ್ಲಿ ಮಗಳು ಅವನ ಅಂಗಿ ಜಗ್ಗಿದಳು.

"ಅಪ್ಪಾ, ನಿನ್ನಿ ಸಾಲ್ಯಾಗ ಗುಬ್ಬಿ ಬಂದಿತ್ತು. ನನ್ನ ಡಬ್ಬ್ಯಾಗಿನ ರೊಟ್ಟಿ ತಿಂತು. ನಾ ಒಬ್ಬಾಕೀನಽ ಕುಂತಿದ್ದೆ. ಅದೂ ಒಂದಽ ಇತ್ತು."

ಸಂಗನಬಸವ ಮೆಲ್ಲಗೆ ನೆಲದ ಮೇಲೆ ಕೂತ. "ದಿನಾ ಒಬ್ಬಾಕೀನಽ ಕುಂದ್ರತೀ?" ಎಂದು ಕೇಳಿದ. ಮಗು ತಲೆಯಾಡಿಸಿತು. ಆ ಮನುಷ್ಯನಿಗೆ ಆಮೇಲೆ ನಾನು ಏನೂ ಬುದ್ಧಿ ಹೇಳಬೇಕಾಗಲಿಲ್ಲ. ಎದ್ದು ಫೋನನ್ನು ಕಪಾಟಿನ ಮೇಲಿಟ್ಟು ಬಂದು, "ಗುಬ್ಬಿ ಮುಂದ ಏನು ಮಾಡ್ತು ಹೇಳವಾ" ಎಂದ.

ಮೊನ್ನೆ ಶಾಲೆ ಬಿಡುವ ಹೊತ್ತಿಗೆ ನಾನು ಆ ದಾರಿಯಲ್ಲಿದ್ದೆ. ಗುರುಸಿದ್ದವ್ವ ಶಾಲೆಯ ಗೇಟಿನ ಬಳಿ ನಿಂತಿದ್ದಳು. ಮಕ್ಕಳೆಲ್ಲ ಜೋಡಿ ಜೋಡಿಯಾಗಿ ಬಂದವು, ಅವಳ ಮಗಳು ಹಿಂದೆ ಒಬ್ಬಳೇ ಇದ್ದಳು. ಗುರುಸಿದ್ದವ್ವ ಅವಸರದಲ್ಲಿ ಕಲಿತದ್ದೆಲ್ಲ ಮರೆತು "ಸಾಂಬವೀ" ಎಂದು ಕೂಗಿದಳು. ಪಕ್ಕದಲ್ಲಿ ನಿಂತಿದ್ದ ಇಬ್ಬರು ತಾಯಂದಿರು ಮುಖ ಮುಖ ನೋಡಿಕೊಂಡು ನಕ್ಕರು. ಅವಳು ಇನ್ನೂ ಜೋರಾಗಿ ಕೂಗಿದಳು. ಮಗು ಓಡಿ ಬಂತು. ಅದಕ್ಕೆ ಇನ್ನೂ ಒಬ್ಬ ಗೆಳತಿಯೂ ಸಿಕ್ಕಿಲ್ಲ. ಆದರೆ ತಾಯಿಯ ಕೈ ಹಿಡಿಯುವ ಮೊದಲೇ ಮಾತು ಶುರು ಮಾಡಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಅಕ್ಷರದ ಸದ್ದಿಗೆ ತಡವರಿಸುವ ಮಗು ಇದ್ದರೆ ಮೊದಲು ಕಿವಿ ತೋರಿಸಿ. ನಾಲ್ಕು ವರ್ಷ ತುಂಬಿದರೂ ಹೊರಗಿನವರಿಗೆ ಅದರ ಮಾತು ತಿಳಿಯದಿದ್ದರೆ ಡಾಕ್ಟರನ್ನು ಕೇಳಿ, ನಾಚಬೇಡಿ. ನಾನು ನಕ್ಕಂತೆ ನೀವು ನಗಬೇಡಿ. ನಿಮ್ಮ ಮಾತು ಹಳ್ಳಿಯದೋ ಪೇಟೆಯದೋ ಎಂದು ಮಗು ನೋಡುವುದಿಲ್ಲ. ನೀವು ಸುಮ್ಮನಾದರೆ ಅದೂ ಸುಮ್ಮನಾಗುತ್ತದೆ. ಅದು ಕಾಯುತ್ತಿರುವುದು ನಿಮ್ಮ ಬಾಯಿಂದ ತನ್ನ ಹೆಸರು ಕೇಳಲು. ಇವತ್ತೇ ಕರೆಯಿರಿ.