ಸೊಸೆಯ ಪ್ರಬಂಧವೂ ನನ್ನ ಕಾಲೂ

ನಾನು ಬಿದ್ದದ್ದು ಬಚ್ಚಲಿನಲ್ಲಿ. ಆಯುಷ್ಯದ ಅರ್ಧ ಭಾಗ ಬಸ್ ಕಂಡಕ್ಟರ್ ಆಗಿ ಓಡುವ ಗಾಡಿಯಲ್ಲಿ ನಿಂತು ಟಿಕೆಟ್ ಹರಿದವಳು, ಒಮ್ಮೆಯೂ ಮುಗ್ಗರಿಸದವಳು, ನಿಂತಲ್ಲೇ ನಿಂತ ಮನೆಯಲ್ಲಿ ಬಿದ್ದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ ನನಗೆ ಮೀಸೆಯೂ ಇಲ್ಲ. ಮೂಳೆ ಮುರಿದಿರಲಿಲ್ಲ. ಸೊಂಟಕ್ಕೆ ಪೆಟ್ಟಾಗಿತ್ತು, ಮೊಣಕೈ ಊದಿತ್ತು, ಅಷ್ಟೇ. ಡಾಕ್ಟರು ನೋಡಿ, "ಪರವಾಗಿಲ್ಲ, ಸ್ವಲ್ಪ ಜೋಪಾನ" ಎಂದು ಕಳಿಸಿದರು.

ಆ ‘ಸ್ವಲ್ಪ’ ಅನ್ನುವುದನ್ನು ನನ್ನ ಮಗ ಕೇಳಿಸಿಕೊಳ್ಳಲೇ ಇಲ್ಲ. ಅವನು ವಿಮಾ ಕಂಪನಿಯಲ್ಲಿ ಗುಮಾಸ್ತ. ಬೆಳಗಿನಿಂದ ಸಂಜೆಯವರೆಗೆ ಅಪಘಾತದ ಫೈಲುಗಳನ್ನೇ ಓದಿ ಓದಿ, ಮೆಟ್ಟಿಲು ಕಂಡರೂ ಬೆವರುತ್ತಾನೆ. ಮರುದಿನವೇ ನನ್ನ ಮಂಚಕ್ಕೆ ಆಸ್ಪತ್ರೆಯಲ್ಲಿರುವಂಥ, ಏರಿಸಿ ಇಳಿಸುವ ಅಡ್ಡಕಂಬಿ ತಂದು ಕೂರಿಸಿದ. ದಿಂಬಿನ ಪಕ್ಕ ಒಂದು ಕರೆಗಂಟೆಯನ್ನೂ ಇಟ್ಟ.

"ಅಮ್ಮ, ಏಳ್ಬೇಕು ಅನ್ಸಿದ್ರೆ ಇದನ್ನ ಒತ್ತು. ಒಬ್ಬಳೇ ಕಾಲು ಕೆಳಗಿಡಬೇಡ."

"ಯಾಕೋ, ಇದೇನು ಲಾಡ್ಜಾ?" ಅಂದೆ. ಅವನು ನಗಲಿಲ್ಲ.

ನನ್ನ ಸೊಸೆ ನರ್ಸು. ಬಡ್ತಿ ಸಿಗಬೇಕಾದರೆ ಇನ್ನೊಂದು ಕೋರ್ಸ್ ಮುಗಿಸಬೇಕಂತೆ, ಕೋರ್ಸ್ ಮುಗಿಯಬೇಕಾದರೆ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಂತೆ. ಅದೂ ಸುಮ್ಮನೆ ವಿಷಯ ಹೇಳಿ ಮುಗಿಸುವಂಥದ್ದಲ್ಲ, ವಾದ ಮಾಡುವ ಪ್ರಬಂಧ. ಆರೋಗ್ಯದ ಒಂದು ಸಮಸ್ಯೆ ಹಿಡಿದು ಒಂದು ಪಕ್ಷ ವಹಿಸಬೇಕು, ಪುರಾವೆ ಕೊಡಬೇಕು, ಎದುರು ಪಕ್ಷದವರ ಮಾತನ್ನೂ ಮೋಸವಿಲ್ಲದೆ ಹೇಳಿ ಆಮೇಲೆ ಉತ್ತರಿಸಬೇಕು. ಅವಳು ಮೊದಲು ರಾತ್ರಿಪಾಳಿಯವರ ನಿದ್ದೆಯ ಬಗ್ಗೆ ಬರೆಯುವವಳಿದ್ದಳು. ನಾನು ಬಿದ್ದ ಮೇಲೆ ವಿಷಯ ಬದಲಾಯಿತು. ಒಮ್ಮೆ ಬಿದ್ದ ವಯಸ್ಸಾದವರನ್ನು ತಮ್ಮಷ್ಟಕ್ಕೆ ನಡೆಯಲು ಬಿಡಬೇಕೋ, ತಡೆಯಬೇಕೋ ಎಂಬುದೇ ಹೊಸ ಪ್ರಶ್ನೆ.

"ನಿನ್ನ ಪಕ್ಷ ಯಾವುದೇ?" ಎಂದು ಕೇಳಿದೆ.

"ಅದೇ ಗೊತ್ತಾಗ್ತಿಲ್ಲ ಅತ್ತೆ. ಓದಿದ್ಮೇಲೆ ಗೊತ್ತಾಗತ್ತೆ."

ಓದತೊಡಗಿದಳು. ಊಟದ ಮೇಜಿನ ಅರ್ಧ ಕಾಗದಗಳ ಪಾಲಾಯಿತು. ಉಳಿದರ್ಧದಲ್ಲಿ ನಾವು ಮೊಣಕೈ ಮುದುರಿಕೊಂಡು ಉಣ್ಣುತ್ತಿದ್ದೆವು. ಮೊದಲು ಸಿಕ್ಕ ಪುರಾವೆಯ ಪ್ರಕಾರ, ಮಲಗಿಸಿಟ್ಟರೆ ಕಾಲಿನ ಮಾಂಸವೇ ಕರಗುತ್ತದೆ, ನಡೆಯಲು ಬಿಡಲೇಬೇಕು. ಸೊಸೆ ಬಂದವಳೇ ಕಂಬಿ ಇಳಿಸಿದಳು. ನಾನು ಬಾಲ್ಕನಿಗೆ ನಡೆದುಹೋಗಿ ಬೀದಿ ನೋಡಿದೆ. ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದ ಕೈಯನ್ನೇ ಎತ್ತಿ ನಮಸ್ಕಾರ ಮಾಡಿದ. ಅವತ್ತು ಬಹಳ ಖುಷಿಯಾಗಿತ್ತು ನನಗೆ.

ಆದರೆ ಅವಳ ಕಾಲೇಜಿನಲ್ಲಿ ಒಬ್ಬರು ಮೇಡಂ ಇದ್ದಾರೆ. ಕರಡು ಪ್ರತಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಆದರೆ?’ ಎಂದು ಬರೆಯುವುದು ಬಿಟ್ಟರೆ ಅವರಿಗೆ ಬೇರೆ ಕೆಲಸವಿಲ್ಲ. ನಾವು ಅವರಿಗೆ ‘ಆದರೆ ಮೇಡಂ’ ಎಂದೇ ಹೆಸರಿಟ್ಟಿದ್ದೆವು. ಅವರು ಅಲ್ಲಿ ‘ಆದರೆ’ ಬರೆದರೆ ಇಲ್ಲಿ ನನ್ನ ಕಂಬಿ ಏರುತ್ತಿತ್ತು. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವವೇ ಹೆಚ್ಚು, ಸೊಂಟದ ಮೂಳೆ ಮುರಿದರೆ ಎಷ್ಟೋ ಮಂದಿ ಮೊದಲಿನಂತೆ ಏಳುವುದೇ ಇಲ್ಲ ಎಂದು ಇನ್ನೊಂದು ಪುರಾವೆ ಸಿಕ್ಕಿತು. ಕಂಬಿ ಏರಿತು. ಆ ಕಂಬಿಯನ್ನೇ ಹತ್ತಿ ದಾಟಲು ಹೋಗಿ ಬಿದ್ದವರಿದ್ದಾರೆ ಎಂದು ಮಗದೊಂದು ಸಿಕ್ಕಿತು. ಕಂಬಿ ಇಳಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಬಂಡಿಯಲ್ಲಿ ಕೂತವಳು ನಾನು.

ಬೆಳಗಾದರೆ ಕೇಳುತ್ತಿದ್ದೆ, "ಏನಮ್ಮಾ, ಇವತ್ತು ನನಗೆ ಕಾಲಿದೆಯೋ ಇಲ್ವೋ? ನಿನ್ನ ಪ್ರಬಂಧ ಏನನ್ನತ್ತೆ?"

ಮೊದಮೊದಲು ನಗುತ್ತಿದ್ದಳು. ಆಮೇಲಾಮೇಲೆ ತಲೆ ಕೆರೆದುಕೊಂಡು, "ಅತ್ತೆ, ನಿಜವಾಗ್ಲೂ ತಲೆ ಕೆಟ್ಟುಹೋಗಿದೆ. ಇವರದ್ದನ್ನ ಓದಿದ್ರೆ ಇವರೇ ಸರಿ, ಅವರದ್ದನ್ನ ಓದಿದ್ರೆ ಅವರೇ ಸರಿ" ಎನ್ನುತ್ತಿದ್ದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದದ್ದಕ್ಕೆ ಮೇಡಂ ಇಡೀ ಪ್ರತಿಯನ್ನೇ ಹಿಂದಿರುಗಿಸಿದರು.

ನನ್ನ ತಲೆಯಾದರೂ ನೆಟ್ಟಗಿತ್ತೇ? ಸಂಜೆ ಅವಳು ಬರೆದದ್ದನ್ನು ನನಗೆ ಓದಿ ಹೇಳುತ್ತಿದ್ದಳು. ಚೆನ್ನಾಗಿ ಬರೆಯುತ್ತಾಳೆ, ತೊಂದರೆಯಾದದ್ದೇ ಅದರಿಂದ. ಮಾಂಸ ಕರಗುತ್ತದೆ ಎಂದು ಓದಿದ ದಿನ ಮೀನಖಂಡ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಸೊರಗಿದ ಹಾಗೇ ಅನಿಸುತ್ತಿತ್ತು. ಮತ್ತೆ ಬೀಳುತ್ತಾರೆ ಎಂದು ಓದಿದ ದಿನ ನೆಲವೇ ಬಚ್ಚಲಿನ ಕಡೆಗೆ ಇಳಿಜಾರಾದ ಹಾಗೆ ಕಾಣುತ್ತಿತ್ತು. ಎರಡನ್ನೂ ನಂಬಿದೆ. ಇಷ್ಟು ವರ್ಷ ಯಾರು ಏನೇ ಹೇಳಿದರೂ ನನ್ನದೇ ಸರಿ ಎಂದು ಬಾಳಿದವಳಿಗೆ ಇದು ಹೊಸ ರೋಗವೇ ಸರಿ.

ಒಂದು ಸಂಜೆ ಅವಳು ಗಂಡನನ್ನು ಎದುರಿಗೆ ಕೂರಿಸಿಕೊಂಡು, "ಎದುರು ಪಕ್ಷದ ಮಾತು ನೀವೇ ಹೇಳಿ. ಜೊಳ್ಳಾಗಿ ಬರೆದ್ರೆ ಮೇಡಂ ಒಪ್ಪಲ್ಲ" ಎಂದಳು.

ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಅಮ್ಮ ಬಿದ್ದ ಸದ್ದು ಕೇಳ್ತಲ್ಲ, ನಂಗೆ ಆಮೇಲೆ ಬಾಗಿಲು ತೆಗೆಯೋಕೇ ಕೈ ಬರಲಿಲ್ಲ. ಬದುಕಿದ್ದಾಳೋ ಇಲ್ವೋ ಅಂತ ಹೊರಗೇ ನಿಂತಿದ್ದೆ. ಬರ್ಕೋ."

ಅವಳು ಬರೆದುಕೊಂಡಳು. ಆಮೇಲೆ ನಿಧಾನವಾಗಿ ಅದರ ಮೇಲೆ ಗೀಟೆಳೆದಳು. "ಇದು ಪುರಾವೆ ಆಗಲ್ಲ ಕಣ್ರೀ" ಎಂದಳು.

ಪುರಾವೆಯಲ್ಲದಿದ್ದರೆ ಹೋಗಲಿ, ನನಗೆ ನಾಟಿದ್ದು ಅದೊಂದೇ. ಅಲ್ಲಿಯವರೆಗೆ ಮುಟ್ಟದಿದ್ದ ಆ ಗಂಟೆಯನ್ನು ಮರುದಿನದಿಂದ ಒತ್ತಲು ಶುರುಮಾಡಿದೆ. ನೀರಿಗೂ ಒತ್ತಿದೆ, ಕನ್ನಡಕಕ್ಕೂ ಒತ್ತಿದೆ. ಕಂಬಿ ಇಳಿದಿದ್ದ ದಿನವೂ ಒತ್ತಿದೆ. ಗಂಟೆಗೆ ಓಡಿ ಬರುತ್ತಿದ್ದರೇ ಹೊರತು, ನಾನು ಯಾಕೆ ಒತ್ತುತ್ತೇನೆಂದು ಇಬ್ಬರೂ ಯೋಚಿಸಿದಂತೆ ಕಾಣಲಿಲ್ಲ.

ಕೊನೆಗೂ ಪ್ರಬಂಧ ಮುಗಿಯಿತು. ಬಿದ್ದವರನ್ನು ಕಟ್ಟಿಹಾಕಬಾರದು, ಮನೆಯನ್ನು ತಿದ್ದಬೇಕು, ಅವರನ್ನು ನಡೆಯಲು ಬಿಡಬೇಕು ಎಂಬುದು ಅವಳ ಕೊನೆಯ ತೀರ್ಮಾನ. ಮೇಡಂ ಒಂದೂ ‘ಆದರೆ’ ಬರೆಯದೆ ಸಹಿ ಹಾಕಿದರಂತೆ. ಮಗ ಕೂತು ಪೂರ್ತಿ ಓದಿದ. ಓದಿ ಎದ್ದು, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದ. ಮಂಚದ ಕಂಬಿಯನ್ನು ಬುಡಸಮೇತ ಬಿಚ್ಚಿ ಅಟ್ಟಕ್ಕೆ ಹಾಕಿದ. ಇಬ್ಬರೂ ನನ್ನ ಕೋಣೆಗೆ ಬಂದು ನಿಂತರು. ಸೊಸೆಯ ಮುಖದಲ್ಲಿ ಸಂಭ್ರಮ.

"ಏಳಿ ಅತ್ತೆ. ಇನ್ಮೇಲೆ ನಿಮ್ಮನ್ನ ತಡೆಯೋರಿಲ್ಲ."

ನಾನು ಪಕ್ಕಕ್ಕೆ ಕೈ ಚಾಚಿದೆ. ಕೈಗೆ ಏನೂ ಸಿಗಲಿಲ್ಲ.

"ಕಂಬಿ ಎಲ್ಲಿಟ್ರಿ?" ಅಂದೆ. "ಮತ್ತೆ ಹಾಕಿ."

ಮಗ ಅಟ್ಟದ ಕಡೆಗೆ ತಿರುಗಿಯೇಬಿಟ್ಟ. ಸೊಸೆ ಅವನ ತೋಳು ಹಿಡಿದು ನಿಲ್ಲಿಸಿದಳು.

"ಅತ್ತೆ, ನೀವೇ ತಾನೇ ದಿನಾ ಕಾಲಿದೆಯೋ ಇಲ್ವೋ ಅಂತ ಕೇಳ್ತಿದ್ದಿದ್ದು? ನೋಡಿ, ಪ್ರಬಂಧದಲ್ಲಿ ಎಲ್ಲಾ ಪುರಾವೆನೂ..."

"ಪ್ರಬಂಧ ಚೆನ್ನಾಗಿದೆ ಕಣೇ. ನಂಗೇ ಹೆದರಿಕೆ."

ಹಾಗೆ ಅಂದವಳು ನಾನೇನಾ ಎಂದು ನನಗೇ ಅನುಮಾನವಾಯಿತು. ಅವಳ ಮುಖದ ಸಂಭ್ರಮ ಇಳಿದುಹೋಯಿತು. ಮಂಚದ ಅಂಚಿನಲ್ಲಿ, ಕಂಬಿ ಇದ್ದ ಜಾಗದಲ್ಲಿ ಕುಳಿತು ನನ್ನ ಕಾಲಿನ ಮೇಲೆ ಕೈ ಇಟ್ಟಳು.

"ಬಿದ್ರೆ?" ಎಂದು ಕೇಳಿದೆ.

ಅವಳ ಬಾಯಲ್ಲಿ ನೂರಕ್ಕೆ ಇಷ್ಟು ಮಂದಿ ಎಂಬ ಪ್ರಬಂಧದ ಲೆಕ್ಕವೊಂದು ಬಂತು, ಅರ್ಧಕ್ಕೇ ನಿಂತಿತು. ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಬಿದ್ರೆ ಎತ್ತುತ್ತೀವಿ ಅತ್ತೆ. ಬೀಳಲ್ಲ ಅಂತ ನಾನು ಹೇಳಲಾರೆ."

ಮಗನ ಕಣ್ಣು ತುಂಬಿತ್ತು. ಆದರೂ ಬಾಗಿಲಿಗೆ ಅಡ್ಡ ನಿಂತಿದ್ದವನು ಪಕ್ಕಕ್ಕೆ ಸರಿದ.

ಹಾಸಿಗೆಗೆ ಅಂಗೈ ಊರಿ ಎದ್ದೆ. ನೆಲ ತಣ್ಣಗಿತ್ತು. ಹೆಜ್ಜೆ ಇಡಬೇಕು ಅನ್ನುವಷ್ಟರಲ್ಲಿ ಏನೂ ತೋಚದಾಯಿತು.

"ಯಾವ ಕಾಲು ಮೊದಲು ಇಡೋದೇ?"

ಸೊಸೆ ತನ್ನ ಪಾದ ನೋಡಿಕೊಂಡಳು. ಒಂದು ಹೆಜ್ಜೆ ಮುಂದೆ ಇಟ್ಟಳು, ಹಿಂದೆ ಬಂದಳು, ಮತ್ತೆ ಇಟ್ಟಳು. ಆಸ್ಪತ್ರೆಯಲ್ಲಿ ದಿನಕ್ಕೆ ಅದೆಷ್ಟು ಜನರನ್ನು ನಡೆಸುತ್ತಾಳೋ, ಅಂಥವಳು ಗಲಿಬಿಲಿಗೊಂಡು ನನ್ನ ಮುಖ ನೋಡಿದಳು.

"ಗೊತ್ತಿಲ್ಲ ಅತ್ತೆ. ಯಾವತ್ತೂ ನೋಡ್ಕೊಂಡಿಲ್ಲ."

ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಯಾವುದೋ ಒಂದು ಕಾಲು ಎತ್ತಿದೆ.