ಸೂಜಿಮಣಿಯ ಮೆಷಿನ್

ಅಕ್ಕ ದರ್ಜಿ, ಭಾವ ಬಸ್ ಕಂಡಕ್ಟರು, ಅಕ್ಕನ ಅಂಗಡಿಯಲ್ಲಿ ಇಸ್ತ್ರಿ ತಿಕ್ಕುವವನು ನಾನು. ಹೊಲಿಗೆ ಮೆಷಿನ್ ಕೆಟ್ಟರೆ ದರ್ಜಿಗಳು ಒಬ್ಬರನ್ನೊಬ್ಬರು ಕೇಳಿಕೊಳ್ಳಲಿ ಎಂದು ಅಕ್ಕ ಫೋನಿನಲ್ಲೊಂದು ಗುಂಪು ಕಟ್ಟಿದ್ದಳು. ದಾರದ ಕಂಪನಿಯವರು, ತಿಂಗಳಿಗೊಂದು ಪೆಟ್ಟಿಗೆ ದಾರದುಂಡೆ ಕಳಿಸುತ್ತೇವೆ, ಸದಸ್ಯರಿಗೆ ಬಹುಮಾನವಾಗಿ ಹಂಚಿ ಎಂದರು. ನೆಮ್ಮದಿ ಅಲ್ಲಿಗೆ ಮುಗಿಯಿತು.

ಹೆಚ್ಚು ಉತ್ತರ ಕೊಟ್ಟವರಿಗೆ ಹೆಚ್ಚು ಉಂಡೆ ಎಂದಳು ಅಕ್ಕ. ಯಾರು ಏನೇ ಕೇಳಲಿ, ‘ಎಣ್ಣೆ ಬಿಡಿ’ ಎಂಬ ಉತ್ತರ ಸುರಿಯಿತು. ಬೆರಳಿಗೆ ಸೂಜಿ ಚುಚ್ಚಿತು ಎಂದವಳಿಗೂ ಎಣ್ಣೆ ಬಿಡಿ! ಸರಿ, ಎಲ್ಲರಿಗೂ ಸಮಪಾಲು ಎಂದಳು. ಎಲ್ಲರ ಬಾಯಿಗೂ ಬೀಗ ಬಿತ್ತು. ಕೂತಲ್ಲಿಗೇ ಉಂಡೆ ಬರುವಾಗ ಯಾರಿಗೆ ಬೇಕು ಊರ ಉಸಾಬರಿ? ಅಕ್ಕ ಸದ್ದಿಲ್ಲದ ಫೋನನ್ನೇ ನೋಡುತ್ತ ಕೂರುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

ಮೂರನೆಯ ಪ್ರಯೋಗ ಹೀಗಿತ್ತು: ಕೇಳಿದವರು ‘ಸರಿಹೋಯ್ತು’ ಎಂದು ಬರೆದರೆ, ಬಹುಮಾನದ ಉಂಡೆಗಳು ಕೇಳಿದವರಿಗೂ ಹೇಳಿದವರಿಗೂ ಅರ್ಧರ್ಧ. ಮರುದಿನವೇ ಗುಂಪಿಗೆ ಜೀವ ಬಂತು. ಸೂಜಿಮಣಿ ಎಂಬಾಕೆಯ ಮೆಷಿನ್ನಿಗೆ ಬಾರದ ರೋಗವಿಲ್ಲ, ಗುಂಡಿರಾಜ ಎಂಬಾತನಿಗೆ ತಿಳಿಯದ ಮದ್ದಿಲ್ಲ. ಒಮ್ಮೆ ಗುಂಡಿರಾಜ, ‘ಕೆಳಗಿನ ಕೊಕ್ಕೆಯ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಮೆಷಿನ್ನಿನ ಆಯುಸ್ಸು ಹೆಚ್ಚುತ್ತೆ’ ಎಂದು ಬರೆದ. ‘ಸರಿಹೋಯ್ತು’ ಎಂದಳು ಸೂಜಿಮಣಿ. ಅಕ್ಕ ತನ್ನ ಮೆಷಿನ್ನಿಗೂ ಅದೇ ಮದ್ದು ಮಾಡಿದಳು.

"ಚೆನ್ನಾಗಿರೋದನ್ನ ಯಾಕೆ ಕೆದಕ್ತೀಯ?" ಎಂದೆ.

"ನಮ್ಮ ಗುಂಪಿನೋರ ಮಾತು ನಾನೇ ನಂಬದಿದ್ರೆ ಹೇಗೋ?"

ನಂಬಿಕೆ ಒಂದು ವಾರ ಓಡಿತು. ಆಮೇಲೆ, ಮದುಮಗನೊಬ್ಬನ ಕೋಟಿಗೆ ತೋಳು ಕೂಡಿಸುವಾಗ ಹೊಲಿಗೆ ತಪ್ಪತೊಡಗಿತು. ನಾಳೆ ಅವನ ಮದುವೆ, ಸಂಜೆಗೆ ಕೋಟು ಒಯ್ಯಲು ಬರುವವನಿದ್ದ. ಅಕ್ಕ ಅವಸರದಲ್ಲಿ ಗುಂಪಿನಲ್ಲಿ ಕೇಳಿದಳು.

‘ಓಹೋ, ಉಂಡೆಗೋಸ್ಕರ ಸುಳ್ಳು ರಿಪೇರಿ ನೀವೂ ಶುರು ಹಚ್ಕೊಂಡ್ರಾ ಅಕ್ಕಾ! ಅರ್ಧ ನಂಗೆ’ ಎಂದ ಒಬ್ಬ. ವಿಡಿಯೊ ಕಳಿಸಿದರೆ, ‘ನಟನೆ ಸೂಪರ್’ ಎಂದಳು ಇನ್ನೊಬ್ಬಳು. ಯಾರೂ ನಂಬಲಿಲ್ಲ. ಅಕ್ಕನ ಕಣ್ಣು ತುಂಬಿಕೊಂಡಿತು.

ಊಟಕ್ಕೆ ಬಂದಿದ್ದ ಭಾವ ಬಾಗಿಲಲ್ಲಿ ಇಂಗು ತಿಂದ ಮಂಗನಂತೆ ನಿಂತಿದ್ದರು.

"ಆ ಕೊಕ್ಕೆ ಸ್ಕ್ರೂ ವಾಪಸ್ ಬಿಗಿ ಮಾಡೇ. ಅರ್ಧ ಸುತ್ತು" ಎಂದರು.

ಅಕ್ಕ ಬಿಗಿ ಮಾಡಿದಳು. ಹೊಲಿಗೆ ನೆಟ್ಟಗೆ ಬಂತು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಬಾಬಿನ್ನಿಗೂ ಬೆಂಡೆಕಾಯಿಗೂ ವ್ಯತ್ಯಾಸ ತಿಳಿಯದ ನಿಮಗೆ ಕೊಕ್ಕೆ ವಿಷಯ ಹೇಗೆ ಗೊತ್ತು? ಗುಂಡಿರಾಜ ನೀವೇನಾ?"

ಭಾವ ತಲೆ ತಗ್ಗಿಸಿದರು.

"ಹಾಗಾದ್ರೆ ಯಾರ್ರೀ ಆ ಸೂಜಿಮಣಿ?" ಅಕ್ಕನ ದನಿಯಲ್ಲಿ ಈಗ ಬೇರೆಯೇ ಬಿಸಿಯಿತ್ತು.

"ಅಯ್ಯೋ, ಅದೂ ನಾನೇ ಕಣೇ!"

ನಾನು ನಗು ತಡೆಯಲಾರದೆ ಇಸ್ತ್ರಿಪೆಟ್ಟಿಗೆಯ ಮೇಲೆ ಬಗ್ಗಿದೆ.

"ಗೆಳೆಯರ ವಿಳಾಸಕ್ಕೆ ತರಿಸಿದ ಉಂಡೆಗಳೆಲ್ಲ ಬಸ್ ಡಿಪೋದಲ್ಲೇ ಇವೆ, ಒಂದೂ ಬಿಚ್ಚಿಲ್ಲ" ಎಂದರು ಭಾವ. "ಗುಂಪು ಸುಮ್ಮನಾದಾಗ ನೀನೂ ಸುಮ್ಮನಾಗ್ಬಿಟ್ಟೆ. ಯಾರಾದ್ರೂ ಏನಾದ್ರೂ ಕೇಳಿದ್ರೆ ನಗ್ತಿದ್ದೆ. ಅದಕ್ಕೇ..."

"ಅಷ್ಟಕ್ಕೆ ಎರಡೆರಡು ವೇಷ ಹಾಕಿದ್ರಾ? ಇವತ್ತೇನು ಹೊಲಿದೆ ಅಂತ ನಿಮ್ಮದೇ ಬಾಯಲ್ಲಿ ಯಾವತ್ತಾದ್ರೂ ಕೇಳಿದ್ದೀರಾ?"

ಭಾವನಿಗೆ ಎಲ್ಲಿಗೆ ಟಿಕೆಟ್ ಎಂದು ಕೇಳಿ ರೂಢಿ, ಇಂಥದ್ದಲ್ಲ. ಸ್ಟೂಲು ಎಳೆದುಕೊಂಡು ಕೂತರು, ಕೆಮ್ಮಿದರು, ನನ್ನತ್ತ ಒಮ್ಮೆ ನೋಡಿದರು.

"ಇವತ್ತೇನು ಹೊಲಿದೆ?"

ಅಕ್ಕ ಕೋಟಿನಿಂದ ಕತ್ತೆತ್ತದೆ ಹೇಳತೊಡಗಿದಳು. ಕೋಟು ಮುಗಿಯಿತು, ಮದುಮಗ ಬಂದು ಒಯ್ದ. ಉತ್ತರ ಇನ್ನೂ ಮುಗಿದಿರಲಿಲ್ಲ.