ಒಡೆಲ್‌ಗೆ ವರ್ಲೀನ್ ಏನಾಗಬೇಕು

ಬೆಳಿಗ್ಗೆ ಕೈಗವಸು ಏರಿಸಿದಾಗ ಮರಗಟ್ಟುವ ವರ್ಲೀನಳ ಬೆರಳುಗಳಿಗೆ ಮತ್ತೆ ಜೀವ ಬರುತ್ತಿದ್ದದ್ದು ಸಂಜೆ ಮನೆಗೆ ಹೋಗಿ ಬಿಸಿನೀರಲ್ಲಿ ಅದ್ದಿದಾಗಲೇ. ಮೊಣಕಾಲುದ್ದದ ಬಿಳಿ ರಬ್ಬರ್ ಬೂಟು, ಕೂದಲಿಗೆ ಬಲೆ, ಕೈಯಲ್ಲಿ ಬಾಗಿದ ಚಾಕು. ಎದುರಿನ ಬೆಲ್ಟಿನ ಮೇಲೆ ಮೀಸೆಮೀನು ಬರುತ್ತಲೇ ಇರುತ್ತದೆ. ಸೀಳಬೇಕು, ಮಾಂಸ ಬಿಡಿಸಬೇಕು, ಮುಳ್ಳು ಆಚೆ ತಳ್ಳಬೇಕು. ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಕಾಲಡಿಯಲ್ಲಿ ಐಸ್ ನೀರು. ಪಾಯಖಾನೆಗೆ ಹೋಗಬೇಕೆಂದರೆ ಕೈಯೆತ್ತಿ ನಿಂತು ಸೂಪರ್‌ವೈಸರ್ ಹಾಲ್ಕಂಬನ ಕಣ್ಣಿಗೆ ಬೀಳಬೇಕು. ಬಿದ್ದ ಮೇಲೂ ಆತ ಒಮ್ಮೆ ಗಡಿಯಾರ ನೋಡುತ್ತಾನೆ.

ಮಿಸಿಸಿಪ್ಪಿಯ ಆ ಬಯಲಿನಲ್ಲಿ ಹತ್ತಿ ಬಿಡಿಸುವ ಕೆಲಸವನ್ನು ಯಂತ್ರಗಳು ತೆಗೆದುಕೊಂಡ ಮೇಲೆ ಕರಿಯರ ಕೇರಿಗೆ ಉಳಿದದ್ದು ಈ ಮೀನಿನ ಕಾರ್ಖಾನೆ ಒಂದೇ. ವರ್ಲೀನಳ ಅವ್ವ ಹತ್ತಿ ಬಿಡಿಸಿದ್ದಳು. ವರ್ಲೀನ್ ಮೀನು ಬಿಡಿಸುತ್ತಿದ್ದಳು.

ಅವಳ ಜೊತೆ ಬಾಳುತ್ತಿದ್ದವನು ಒಡೆಲ್. ಅದೇ ಕಾರ್ಖಾನೆಯಲ್ಲಿ ಮೀನಿನ ಚರ್ಮ ಸುಲಿಯುವ ಯಂತ್ರದ ಮುಂದೆ ಅವನ ಕೆಲಸ. ಇಬ್ಬರೂ ಒಂದೇ ಸೂರಿನಡಿ ಸಂಸಾರ ಹೂಡಿ ಕೂದಲು ನರೆಯುವಷ್ಟು ಕಾಲವಾಗಿತ್ತು. ಮದುವೆ ಮಾತ್ರ ಆಗಿರಲಿಲ್ಲ. ಮದುವೆಯ ಲೈಸೆನ್ಸ್ ಕೊಡುವ ಕೌಂಟಿ ಕೋರ್ಟಿನ ಕಚೇರಿ ತೆರೆಯುವ ಹೊತ್ತಿಗೆ ಇವರು ಬೆಲ್ಟಿನ ಮುಂದಿರುತ್ತಿದ್ದರು, ಇವರು ಹೊರಗೆ ಬರುವ ಹೊತ್ತಿಗೆ ಅದು ಬಾಗಿಲು ಹಾಕಿರುತ್ತಿತ್ತು. ಮದುವೆಯಿಲ್ಲ ಅಂತ ಅವರ ಮನೆಯಲ್ಲಿ ಒಂದು ಹೊತ್ತಿನ ಅಡಿಗೆಯೂ ನಿಂತಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಯಂತ್ರ ಒಡೆಲ್‌ನ ಕೈಯನ್ನು ಎಳೆದುಕೊಂಡಿತು. ಅದರ ಮೇಲಿನ ರಕ್ಷಣೆಯ ತಗಡು ಬಿದ್ದುಹೋಗಿದೆಯೆಂದು ಅವನು ಹಾಲ್ಕಂಬನಿಗೆ ಎಷ್ಟೋ ಸಲ ಹೇಳಿದ್ದ. ಬಲಗೈಯ ಎರಡು ಬೆರಳು ಹೋದವು.

ವರ್ಲೀನ್ ಬೂಟಿನಲ್ಲೇ ಆಸ್ಪತ್ರೆಗೆ ಓಡಿದಳು. ಬಾಗಿಲಲ್ಲಿದ್ದ ನರ್ಸು ಅಡ್ಡ ನಿಂತು, ಅವನಿಗೆ ನೀನು ಏನಾಗಬೇಕು ಎಂದು ಕೇಳಿದಳು. ಒಂದೇ ಮನೆಯಲ್ಲಿದ್ದೇವೆ ಎಂದಳು ವರ್ಲೀನ್. ಹೆಂಡತಿಯೋ ಎಂದು ನರ್ಸು ಕೇಳಿದಳು. ವರ್ಲೀನ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹಾಗಾಗಿ ಹೊರಗಿನ ಬೆಂಚಿನ ಮೇಲೆ ಕೂತಳು. ಅವಳು ಕೂತಿದ್ದ ಹಾಗೆಯೇ ಕಾರ್ಖಾನೆಯ ಆಫೀಸಿನ ರೆನ್‌ಫ್ರೋ, ಟೈ ಕಟ್ಟಿದವನು, ಕಂಕುಳಲ್ಲಿ ಫೈಲಿಟ್ಟುಕೊಂಡು ಬಂದ. ನೀನು ಏನಾಗಬೇಕೆಂದು ಅವನನ್ನು ಯಾರೂ ಕೇಳಲಿಲ್ಲ. ಒಳಗೆ ಹೋದ, ಬಂದ, ಕಾರು ಹತ್ತಿದ.

ಮತ್ತಿನಲ್ಲಿದ್ದ ಒಡೆಲ್ ಎಡಗೈಯಲ್ಲಿ ಏನಕ್ಕೋ ಸಹಿ ಹಾಕಿದ್ದ. ಏನಕ್ಕೆಂದು ಅವನಿಗೇ ತಿಳಿಯದು. ತಪ್ಪು ತನ್ನದೇ ಎಂದು ಅವನೇ ಒಪ್ಪಿದ್ದಾನೆ ಅಂತ ಆಮೇಲೆ ಕಾರ್ಖಾನೆಯಲ್ಲಿ ಸುದ್ದಿಯಾಯಿತು. ರಜೆ ಕೊಟ್ಟರೆ ಅಪಘಾತ ಸರ್ಕಾರದ ಲೆಕ್ಕಕ್ಕೆ ಬರುತ್ತದೆಂದು ಬ್ಯಾಂಡೇಜು ಸುತ್ತಿದ ಕೈಗೇ ಪೊರಕೆ ಕೊಟ್ಟು ಗುಡಿಸಲು ನಿಲ್ಲಿಸಿದರು.

ವರ್ಲೀನ್ ಕೊತಕೊತ ಕುದಿದಳು. ಒಳಗಿದ್ದಿದ್ದರೆ ಆ ಕಾಗದವನ್ನು ಕಿತ್ತು ಹರಿದುಹಾಕುತ್ತಿದ್ದೆ ಎಂದು ಮನೆಯಲ್ಲಿ ಪಾತ್ರೆ ಬಡಿದಳು. ಒಡೆಲ್ ಮಾತ್ರ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಎಡಗೈ ಮುಟ್ಟಲಿಲ್ಲ ನೋಡು ಆ ಮಿಷನ್ನು," ಎಂದ. "ಉಂಗುರ ಹಾಕೋ ಬೆರಳು ನಿನಗೆ ಅಂತ ಬುಟ್ಟದೆ. ಅದಕ್ಕಿರೋ ಬುದ್ಧಿ ನನಗೆ ಇಷ್ಟು ವರ್ಷ ಬರ್ಲಿಲ್ವಲ್ಲ."

"ಬಾಯಿ ಮುಚ್ಕೊಂಡು ಊಟ ಮಾಡು," ಎಂದಳು ವರ್ಲೀನ್. ಆಮೇಲೆ ತಾನೇ ನಕ್ಕಳು. ಮದುವೆ ನಿಶ್ಚಯವಾದದ್ದು ಹೀಗೆ.

ಲೈಸೆನ್ಸಿಗೆ ಗಂಡು ಹೆಣ್ಣು ಇಬ್ಬರೂ ಕೂಡಿಯೇ ಬರಬೇಕೆಂದು ಕೋರ್ಟಿನಿಂದ ಫೋನಿನಲ್ಲಿ ಹೇಳಿದರು. ವರ್ಲೀನ್ ಹೋಗಿ ಹಾಲ್ಕಂಬನನ್ನು ರಜೆ ಕೇಳಿದಳು. ಒಂದೇ ದಿನ ಇಬ್ಬರಿಗೆ ಕೊಡಲಾಗದು, ಇವತ್ತು ನೀನು ಹೋಗು, ನಾಳೆ ಅವನು ಹೋಗಲಿ ಎಂದ ಹಾಲ್ಕಂಬ್.

"ಸಾರ್, ಮದ್ವೆ ಸಾರ್ ಇದು," ಎಂದಳು ವರ್ಲೀನ್. "ಒಬ್ಬೊಬ್ಬರೇ ಹೋಗಿ ಆಗೋಕೆ ಇದೇನು ಹಲ್ಲು ಕೀಳಿಸೋದಾ?"

ಪಕ್ಕದಲ್ಲಿ ಮೀನು ಸೀಳುತ್ತಿದ್ದ ಲುಟೀಷಾ ನಕ್ಕು ಚಾಕು ಜಾರಿಸಿದಳು. ಹಾಲ್ಕಂಬನಿಗೆ ನಗು ಬರಲಿಲ್ಲ. ಕೊನೆಗೆ ಇಬ್ಬರೂ ಹೇಳದೆ ಕೇಳದೆ ಒಂದು ದಿನ ಚಕ್ಕರ್ ಹೊಡೆದು ಕೋರ್ಟಿಗೆ ಹೋದರು. ಅವರ ಹೆಸರಿನ ಮುಂದೆ ಒಂದೊಂದು ಕಪ್ಪು ಗುರುತು ಬಿತ್ತು.

ಕೋರ್ಟಿನ ಕಿಟಕಿಯ ಹಿಂದೆ ಕೂತಿದ್ದವಳು ಮಿಸೆಸ್ ಕ್ರೆನ್‌ಶಾ. ಮೊದಲು ಆಕೆಗೆ ಫೋನು ಬಂತು. ಆಮೇಲೆ ಊಟದ ಹೊತ್ತಾಯಿತು. ಗಾಜಿನಾಚೆ ಅವಳು ನಿಧಾನವಾಗಿ ಚೀಸ್ ಸ್ಯಾಂಡ್‌ವಿಚ್ ತಿಂದು ಮುಗಿಸುವವರೆಗೆ ಇವರು ನಿಂತಿದ್ದರು. ನಿಂತು ವರ್ಲೀನ್ ಗೋಡೆಯ ಮೇಲಿದ್ದ ಪ್ರಕಟಣೆಯನ್ನೆಲ್ಲ ಓದಿದಳು. ಇಬ್ಬರೂ ಖುದ್ದಾಗಿ ಬರಬೇಕು. ವಯಸ್ಸು ತೋರಿಸುವ ಗುರುತಿನ ಚೀಟಿ ತರಬೇಕು. ಹಿಂದೆ ಮದುವೆಯಾಗಿದ್ದರೆ ಅದು ಹೇಗೆ, ಯಾವಾಗ ಮುಗಿಯಿತೆಂದು ಪ್ರಮಾಣ ಮಾಡಿ ಹೇಳಬೇಕು. ಅಷ್ಟೇ.

ಒಡೆಲ್ ಪ್ರಮಾಣ ಮಾಡಿ ಹೇಳಿದ. ಹುಡುಗುತನದಲ್ಲಿ ಒಬ್ಬಳನ್ನು ಕಟ್ಟಿಕೊಂಡಿದ್ದ, ಅವಳು ಶಿಕಾಗೋಗೆ ಹೋದಳು, ವಿಚ್ಛೇದನ ಅಲ್ಲೇ ಆಯಿತು. ಮಿಸೆಸ್ ಕ್ರೆನ್‌ಶಾ ಅವನ ಬ್ಯಾಂಡೇಜನ್ನೂ ಅವನ ಮುಖವನ್ನೂ ನೋಡಿದಳು. ಶಿಕಾಗೋದ ವಿಚ್ಛೇದನದ ಪತ್ರ, ಅದೂ ಅಸಲು ಪ್ರತಿ, ತಂದರೆ ನೋಡೋಣ ಎಂದಳು.

"ಗೋಡೆ ಮೇಲೆ ಅದು ಬರೆದಿಲ್ವಲ್ಲ, ಮೇಡಂ," ಎಂದಳು ವರ್ಲೀನ್.

"ಗೋಡೆ ಮೇಲಿರೋದು ಎಲ್ಲರಿಗೂ," ಎಂದಳು ಮಿಸೆಸ್ ಕ್ರೆನ್‌ಶಾ. "ನಿಮಗೆ ನಾನು ಹೇಳ್ತಿದ್ದೀನಲ್ಲ."

ಅವಳ ಗಂಡನ ಕೆರೆಗಳಲ್ಲಿ ಬೆಳೆದ ಮೀನೇ ಆ ಕಾರ್ಖಾನೆಗೆ ಬರುತ್ತಿದ್ದದ್ದು. ಇದು ಊರಿಗೆಲ್ಲ ಗೊತ್ತಿತ್ತು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಲುಟೀಷಾ ಎಲ್ಲರ ಎದುರು ಇದನ್ನು ಮತ್ತೊಮ್ಮೆ ಹೇಳಿಸಿದಳು. ವರ್ಲೀನ್ ಹೇಳಿದಳು. ನಡುನಡುವೆ ಮಿಸೆಸ್ ಕ್ರೆನ್‌ಶಾ ಸ್ಯಾಂಡ್‌ವಿಚ್ ಅಗಿಯುವುದನ್ನು ಅಭಿನಯಿಸಿಯೂ ತೋರಿಸಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಲುಟೀಷಾ ಚಿಕನ್ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ನಮ್ಮನೆಯೋನಿಗೂ ನಾನು ಏನೂ ಆಗ್ಬೇಕಿಲ್ಲ, ಹಂಗಾರೆ," ಎಂದಳು. "ಏನೂ ಆಗದೋಳು ಇಷ್ಟು ದಿನ ಅವನ ಕಾಲುಚೀಲ ಒಗೀತಾ ಕೂತಿವ್ನಿ. ನಾಳೆ ನಾನು ಬೆಲ್ಟಿನ ಮೇಲೆ ಬಿದ್ರೆ ಅವನನ್ನ ಒಳೀಕೆ ಬುಡಲ್ಲ, ಆ ಟೈಯೋನ್ನ ಬುಡ್ತಾರೆ."

ಮೂಲೆಯಿಂದ ಇನ್ನೊಬ್ಬಳು ನಮ್ಮದೂ ಹಂಗೇ ಎಂದಳು. ಅವಳ ಹಿಂದೆ ಇನ್ನೊಬ್ಬಳು. ನೋಡುತ್ತ ನೋಡುತ್ತ ಆ ಲೈನಿನ ಅರ್ಧ ಜನ, ತಾವು ಯಾರ ಬಟ್ಟೆ ಒಗೆಯುತ್ತಿದ್ದರೋ ಅವರಿಗೆ ಕಾಗದದ ಪ್ರಕಾರ ಏನೂ ಆಗಬೇಕಿಲ್ಲ ಎಂಬುದು ಬಯಲಾಯಿತು. ಮದುವೆಯಾದವರು ಇವರನ್ನಷ್ಟೇ ಕೋರ್ಟಿಗೆ ಕಳಿಸಲು ಒಪ್ಪಲಿಲ್ಲ. ಮದುವೆ ಅಂದ ಮೇಲೆ ದಿಬ್ಬಣ ಬೇಡವೇ ಎಂದರು.

ಗುರುವಾರ ಬೆಳಿಗ್ಗೆ ಬೆಲ್ಟು ಎಂದಿನಂತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ವರ್ಲೀನ್ ಚಾಕು ಕೆಳಗಿಟ್ಟಳು. ಲುಟೀಷಾ ಇಟ್ಟಳು. ಆಮೇಲೆ ಸಾಲಿಗೆ ಸಾಲೇ. ಮೀನು ಒಂದರ ಮೇಲೊಂದು ರಾಶಿ ಬೀಳತೊಡಗಿತು. ಒಡೆಲ್ ಪೊರಕೆಯನ್ನು ಗೋಡೆಗೆ ಒರಗಿಸಿ ಬಂದ. ಕೂದಲಿಗೆ ಬಲೆ, ಕಾಲಿಗೆ ಬಿಳಿ ಬೂಟು, ಹಾಗೆಯೇ ಪಿಕಪ್ ಗಾಡಿಗಳಲ್ಲಿ ಏರಿ ಕೋರ್ಟಿಗೆ ಹೋದರು. ದಾರಿಯಲ್ಲಿ ಅವರವರ ಗಂಡಸರೂ ಸೇರಿಕೊಂಡರು. ಒಬ್ಬ ಮಾತ್ರ ಕ್ಷೌರ ಮಾಡಿಸಿಕೊಂಡು ಬರುತ್ತೇನೆಂದು ತಪ್ಪಿಸಿಕೊಳ್ಳಲು ನೋಡಿದ. ಅವನನ್ನು ಗಾಡಿಗೆ ಎತ್ತಿ ಹಾಕಿಕೊಂಡರು.

ಕೋರ್ಟಿನ ಅಮೃತಶಿಲೆಯ ನೆಲದ ಮೇಲೆ ಬೂಟುಗಳು ಕಿರಕಿರ ಎಂದವು. ಮೀನಿನ ವಾಸನೆ ನ್ಯಾಯಾಧೀಶರ ಕೋಣೆಯವರೆಗೂ ಹೋಯಿತು. ಮಿಸೆಸ್ ಕ್ರೆನ್‌ಶಾ ಮೂಗಿಗೆ ಕರವಸ್ತ್ರ ಹಿಡಿದು ಒಬ್ಬೊಬ್ಬರೇ ಬನ್ನಿ ಎಂದಳು. ವರ್ಲೀನ್ ಕಿಟಕಿಗೆ ಬಂದು ಗೋಡೆಯ ಪ್ರಕಟಣೆಯನ್ನು ಮೊದಲಿನಿಂದ ಕಡೆಯವರೆಗೆ ಗಟ್ಟಿಯಾಗಿ ಓದಿದಳು. ಶಿಕಾಗೋ ಪತ್ರ ಎಲ್ಲಿ ಎಂದಳು ಮಿಸೆಸ್ ಕ್ರೆನ್‌ಶಾ. ಲುಟೀಷಾ ಬಂದು ಅದೇ ಪ್ರಕಟಣೆಯನ್ನು ಮೊದಲಿನಿಂದ ಓದಿದಳು. ಮೂರನೆಯವಳು ಓದುವ ಹೊತ್ತಿಗೆ ಹಿಂದಿದ್ದವರೆಲ್ಲ ಚರ್ಚಿನಲ್ಲಿ ಹಾಡುವ ಹಾಗೆ ದನಿಗೂಡಿಸಿಬಿಟ್ಟರು. ಮಿಸೆಸ್ ಕ್ರೆನ್‌ಶಾ ಊಟಕ್ಕೆಂದು ಕಿಟಕಿ ಮುಚ್ಚಿದಳು. ಇವರೂ ಅಲ್ಲೇ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದರು. ಮೀನು ಮಾತ್ರ ಯಾರ ಡಬ್ಬಿಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಹಾಲ್ಕಂಬ್ ಓಡಿಬಂದ. ಬೆವರಿನಿಂದ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕೆಲಸದಿಂದ ಕಿತ್ತುಹಾಕುತ್ತೇನೆಂದು ಹೆದರಿಸಿದ. ಎಲ್ಲರನ್ನೂ ಕಿತ್ತರೆ ಮೀನನ್ನು ನೀವೇ ಕುಯ್ಯಬೇಕಾಗುತ್ತದೆ ಸಾರ್ ಎಂದು ಒಡೆಲ್ ಮೆಲ್ಲಗೆ ಹೇಳಿದ. ಚರ್ಮ ಸುಲಿಯುವ ಯಂತ್ರದ ಹತ್ತಿರ ಮಾತ್ರ ಜೋಪಾನ ಎಂದೂ ಸೇರಿಸಿದ. ಹಾಲ್ಕಂಬ್ ಕಿಟಕಿಯ ಗಾಜು ಬಡಿದ.

"ಕೊಟ್ಟು ಕಳಿಸಿ ಮೇಡಂ ಅದೇನು ಬೇಕೋ," ಎಂದ.

"ಶಿಕಾಗೋ ಕಾಗದ ಇಲ್ದೇನಾ?"

"ನಿಮ್ಮ ಯಜಮಾನರ ಲಾರಿಗಳು ಬೆಳಗಿಂದ ಗೇಟಲ್ಲಿ ಬಿಸಿಲಿಗೆ ನಿಂತವೆ, ಮೀನು ಸತ್ತು ಹೊಟ್ಟೆ ಮೇಲಾಗ್ತಾ ಅವೆ," ಎಂದ ಹಾಲ್ಕಂಬ್.

ಮಿಸೆಸ್ ಕ್ರೆನ್‌ಶಾ ಮತ್ತೆ ಶಿಕಾಗೋದ ಹೆಸರೆತ್ತಲಿಲ್ಲ. ಠಸ್ಸೆ ಬಡಿಯುವ ಸದ್ದು ಒಂದರ ಹಿಂದೊಂದು ಕೇಳಿಸಿತು. ಮೇಲಿನ ಮಹಡಿಯ ನ್ಯಾಯಾಧೀಶರು ಇಷ್ಟು ಮದುವೆಗಳನ್ನು ಒಮ್ಮೆಗೇ ಎಂದೂ ಮಾಡಿಸಿರಲಿಲ್ಲ. ಕಡೆಕಡೆಗೆ ಗಂಡಿನ ಹೆಸರಿಗೆ ತಪ್ಪು ಹೆಣ್ಣಿನ ಹೆಸರು ಸೇರಿಸಿ ಎಲ್ಲರಿಂದ ಬೈಸಿಕೊಂಡರು.

ಕಾರ್ಖಾನೆಯ ಗೇಟಿನಲ್ಲಿ ಹಾಲ್ಕಂಬ್ ಎಲ್ಲರೂ ಬೆಲ್ಟಿಗೆ ನಡೆಯಿರಿ ಎಂದ. ವರ್ಲೀನ್ ಬೆಲ್ಟಿನ ಕಡೆ ತಿರುಗಲಿಲ್ಲ. ಒಡೆಲ್‌ನ ಉಳಿದ ಬೆರಳುಗಳನ್ನು ಹಿಡಿದುಕೊಂಡು ಆಫೀಸಿನ ಮೆಟ್ಟಿಲು ಹತ್ತಿದಳು. ರೆನ್‌ಫ್ರೋ ಟೈ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದ.

"ನನ್ನ ಗಂಡನ ಕೈಲಿ ಆಸ್ಪತ್ರೇಲಿ ಹಾಕಿಸ್ಕೊಂಡ್ರಲ್ಲ ಸಹಿ, ಆ ಕಾಗದ ತೋರಿಸಿ," ಎಂದು ಲೈಸೆನ್ಸನ್ನು ಅವನ ಕೈಗಿಟ್ಟಳು. "ನಾನು ಓದ್ಬೇಕು."

ರೆನ್‌ಫ್ರೋ ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಅವಳ ಹಿಂದೆ ಮೆಟ್ಟಿಲ ಮೇಲೆ, ಅಂಗಳದಲ್ಲಿ, ಗೇಟಿನವರೆಗೂ ನಿಂತಿದ್ದ ಬಿಳಿ ಬೂಟುಗಳನ್ನು ನೋಡಿದ.

"ಸಂಬಂಧಪಟ್ಟವರು ಮಾತ್ರ ಒಳಗೆ ಬನ್ನಿ," ಎಂದ.

ವರ್ಲೀನ್ ಹಿಂದೆ ತಿರುಗಿ ಲುಟೀಷಾಳನ್ನು ನೋಡಿದಳು. ಲುಟೀಷಾಳ ಹಿಂದಿದ್ದವರನ್ನೂ ನೋಡಿದಳು.

"ಬನ್ರೇ," ಎಂದಳು. "ಕರೀತವ್ರೆ."